‘ಒಂದ್ಸಲ ನೋಡೋಣ’ ಅನ್ನುವ ವಯಸ್ಸು: ಹದಿಹರೆಯದ ಕುಡಿತ, ಗಾಂಜಾ ಯಾಕೆ ಬೇರೆಯೇ ಲೆಕ್ಕ

ಮಕ್ಕಳು ಕದ್ದು ಕುಡಿದದ್ದೋ, ಧಮ್ ಹೊಡೆದದ್ದೋ ಗೊತ್ತಾದಾಗ ಮನೆಗಳಲ್ಲಿ ಎರಡು ಮಾತು ಕೇಳಿಬರುತ್ತವೆ. ಒಂದು, ‘ಈ ವಯಸ್ಸಲ್ಲಿ ಯಾರು ಮಾಡಿಲ್ಲ ಹೇಳಿ? ದೊಡ್ಡೋನಾದ್ಮೇಲೆ ತಾನೇ ಸರಿಹೋಗ್ತಾನೆ ಬಿಡಿ.’ ಇನ್ನೊಂದು, ‘ಒಂದ್ಸಲ ಮುಟ್ಟಿದ ಅಂದ್ರೆ ಮುಗೀತು, ಹಾಳಾಗಿ ಹೋದ.’ ಮೊದಲನೆಯದನ್ನು ಸಾಮಾನ್ಯವಾಗಿ ಚಿಕ್ಕಪ್ಪನೋ ಸೋದರಮಾವನೋ ಹೇಳುತ್ತಾರೆ. ಎರಡನೆಯದು ಅಮ್ಮನ ಮಾತು. ನನ್ನ ಪ್ರಕಾರ ಎರಡೂ ತಪ್ಪು. ಆದರೆ ಎರಡರಲ್ಲೂ ಸ್ವಲ್ಪ ಸ್ವಲ್ಪ ನಿಜ ಇದೆ. ಆ ನಿಜ ಎಷ್ಟು ಅಂತ ಬಿಡಿಸಿ ನೋಡುವುದಕ್ಕೆ ಈ ಲೇಖನ.

ಮೊದಲು ಅಮ್ಮನ ಭಯ. ಅಮೆರಿಕದಲ್ಲಿ 1990ರ ದಶಕದ ಆರಂಭದಲ್ಲಿ ಒಂದು ದೊಡ್ಡ ಸಮೀಕ್ಷೆ ನಡೆಯಿತು. ಒಮ್ಮೆಯಾದರೂ ರುಚಿ ನೋಡಿದವರಲ್ಲಿ ಎಷ್ಟು ಜನ ಮುಂದೆ ಚಟಕ್ಕೆ ಬಿದ್ದರು ಎಂದು ಲೆಕ್ಕ ಹಾಕಿದರು. ತಂಬಾಕಿನಲ್ಲಿ 100ಕ್ಕೆ 32 ಜನ, ಮದ್ಯದಲ್ಲಿ 15, ಗಾಂಜಾದಲ್ಲಿ 9. ಅಂದರೆ ರುಚಿ ನೋಡಿದ ಹೆಚ್ಚಿನವರು ಚಟಗಾರರಾಗುವುದಿಲ್ಲ. ಹುಡುಗರಿಗೂ ಇದು ಗೊತ್ತು. ಕ್ಲಾಸಿನಲ್ಲಿ ಗಾಂಜಾ ಸೇದುವವನು ನೆಟ್ಟಗೆ ಓಡಾಡಿಕೊಂಡು ಇರುವುದನ್ನು ಅವರು ದಿನಾ ನೋಡುತ್ತಾರೆ. ಹಾಗಾಗಿ ‘ಮುಟ್ಟಿದ್ರೆ ಮುಗೀತು’ ಎಂಬ ಮಾತನ್ನು ಅವರು ನಂಬುವುದಿಲ್ಲ. ಆಮೇಲೆ ನಾವು ಹೇಳುವ ಉಳಿದದ್ದನ್ನೂ ನಂಬುವುದಿಲ್ಲ.

ಇನ್ನು ಮಾವನ ಸಮಾಧಾನ. ಮೇಲಿನ ಲೆಕ್ಕ ಎಲ್ಲ ವಯಸ್ಸಿನವರನ್ನೂ ಸೇರಿಸಿದ್ದು. ಹದಿಹರೆಯದಲ್ಲಿ ಶುರು ಮಾಡಿದವರನ್ನಷ್ಟೇ ಬೇರೆ ತೆಗೆದು ನೋಡಿದರೆ ಚಿತ್ರ ಬದಲಾಗುತ್ತದೆ. ಗಾಂಜಾದಲ್ಲಿ ಅದು 100ಕ್ಕೆ 9 ಅಲ್ಲ, ಸುಮಾರು ಆರರಲ್ಲಿ ಒಬ್ಬರು. ಮದ್ಯದ ಲೆಕ್ಕ ಇನ್ನೂ ಜೋರಾಗಿದೆ.

ಏನು ಅನ್ನುವುದಕ್ಕಿಂತ ಯಾವಾಗ

1997ರಲ್ಲಿ ಅಮೆರಿಕದ ಇಬ್ಬರು ಸಂಶೋಧಕರು, ಗ್ರಾಂಟ್ ಮತ್ತು ಡಾಸನ್, 27 ಸಾವಿರಕ್ಕೂ ಹೆಚ್ಚು ಕುಡಿಯುವವರ ಮಾಹಿತಿ ಇಟ್ಟುಕೊಂಡು ಒಂದು ಪ್ರಶ್ನೆ ಕೇಳಿದರು: ನೀವು ಮೊದಲು ಕುಡಿದದ್ದು ಎಷ್ಟನೇ ವಯಸ್ಸಿಗೆ? 14ಕ್ಕೋ ಅದಕ್ಕಿಂತ ಮೊದಲೋ ಶುರು ಮಾಡಿದವರಲ್ಲಿ ಸುಮಾರು 40% ಜನ ಜೀವನದಲ್ಲಿ ಯಾವಾಗಲಾದರೂ ಕುಡಿತದ ಚಟಕ್ಕೆ ಬಿದ್ದಿದ್ದರು. 20 ದಾಟಿದ ಮೇಲೆ ಶುರು ಮಾಡಿದವರಲ್ಲಿ ಅದು ಸುಮಾರು 10%. ಶುರು ಮಾಡುವುದು ಒಂದೊಂದು ವರ್ಷ ಮುಂದಕ್ಕೆ ಹೋದಂತೆ ಚಟದ ಸಾಧ್ಯತೆ 14% ಕಡಿಮೆಯಾಗುತ್ತಾ ಬಂತು.

ಇಲ್ಲಿ ಒಂದು ತಕರಾರು ಇದೆ. ಅದನ್ನು ಮುಚ್ಚಿಡುವುದು ಸರಿಯಲ್ಲ. ಹದಿಮೂರಕ್ಕೇ ಕುಡಿಯಲು ಶುರು ಮಾಡುವ ಮಗುವಿನ ಮನೆ ಹೇಗಿರುತ್ತದೆ? ಅನೇಕ ಸಲ ಅಪ್ಪ ಕುಡಿಯುತ್ತಿರುತ್ತಾನೆ, ಜಗಳ ಇರುತ್ತದೆ, ಹೊಡೆತ ಇರುತ್ತದೆ. ಕುಡಿತದ ಚಟಕ್ಕೆ ಬೀಳುವ ಸ್ವಭಾವದಲ್ಲಿ ಸುಮಾರು ಅರ್ಧ ಪಾಲು ವಂಶವಾಹಿಗಳದ್ದು ಎಂದು ಅವಳಿ ಮಕ್ಕಳ ಅಧ್ಯಯನಗಳು ಹೇಳುತ್ತವೆ. ಹಾಗಾದರೆ ಬೇಗ ಶುರು ಮಾಡಿದ್ದಕ್ಕೆ ಚಟ ಬಂತೋ, ಚಟ ಬರುವಂಥ ಪರಿಸ್ಥಿತಿಯಲ್ಲಿ ಇದ್ದದ್ದಕ್ಕೆ ಬೇಗ ಶುರುವಾಯಿತೋ? ಎರಡೂ ಇರಬಹುದು. ಆದರೆ ಒಂದೇ ಬಗೆಯ, ಒಂದೇ ಗೂಡಿನ ಇಲಿಗಳಿಗೆ ಎಳೆಯ ವಯಸ್ಸಿನಲ್ಲಿ ಮದ್ಯ ಕೊಟ್ಟು ನೋಡಿದ ಪ್ರಯೋಗಗಳಲ್ಲೂ ಮೆದುಳು ಬದಲಾಗುವುದು ಕಂಡಿದೆ. ಇಲಿಗೆ ಕುಡುಕ ಅಪ್ಪ ಇಲ್ಲವಲ್ಲ. ಹಾಗಾಗಿ ವಯಸ್ಸಿಗೆ ತನ್ನದೇ ಆದ ಪಾತ್ರ ಇದೆ ಎನ್ನುವುದು ಗಟ್ಟಿಯಾಗಿಯೇ ಇದೆ.

ನಮ್ಮಲ್ಲಿ ಈ ವಯಸ್ಸಿನ ಲೆಕ್ಕ ತಂಬಾಕಿನಲ್ಲಿ ಬಹಳ ಚೆನ್ನಾಗಿ ಕಾಣುತ್ತದೆ. 2019ರಲ್ಲಿ ದೇಶಾದ್ಯಂತ 13ರಿಂದ 15 ವರ್ಷದ ಶಾಲಾ ಮಕ್ಕಳ ಸಮೀಕ್ಷೆ ನಡೆಯಿತು. ಸುಮಾರು 8.5% ಮಕ್ಕಳು ತಂಬಾಕು ಬಳಸುತ್ತಿದ್ದರು. ಕರ್ನಾಟಕದಲ್ಲಿ ಈ ಸಂಖ್ಯೆ ಬಹಳ ಕಡಿಮೆ, 1.2%. ಆದರೆ ದಂಗುಬಡಿಸುವ ಮಾತು ಬೇರೆ ಇದೆ: ಬೀಡಿ ಸೇದಿದ ಮಕ್ಕಳಲ್ಲಿ 47%, ಅಗಿಯುವ ತಂಬಾಕು ಬಳಸಿದವರಲ್ಲಿ 52% ಹತ್ತು ವರ್ಷ ತುಂಬುವ ಮೊದಲೇ ಶುರು ಮಾಡಿದ್ದರು. ನಾವು ‘ಕಾಲೇಜಿಗೆ ಹೋದ್ಮೇಲೆ ಹೇಳೋಣ’ ಅಂತ ಇಟ್ಟುಕೊಂಡ ಬುದ್ಧಿಮಾತು ಎಂಟು ವರ್ಷ ತಡವಾಗಿರುತ್ತದೆ.

ತಲೆಯೊಳಗೆ ಇನ್ನೂ ಕೆಲಸ ನಡೆಯುತ್ತಿದೆ

ಹದಿನಾರಕ್ಕೆ ಹುಡುಗ ಅಪ್ಪನಿಗಿಂತ ಎತ್ತರ ಆಗಿರುತ್ತಾನೆ. ಅದಕ್ಕೇ ನಮಗೆ ಮೋಸವಾಗುವುದು. ದೇಹ ಬೆಳೆದಷ್ಟು ಬೇಗ ಮೆದುಳು ಬೆಳೆದು ಮುಗಿಯುವುದಿಲ್ಲ. ಅದಕ್ಕೆ ಇಪ್ಪತ್ತರ ನಡುವಿನವರೆಗೂ, ಸುಮಾರು 25ರವರೆಗೂ ಸಮಯ ಬೇಕು.

ಆ ವರ್ಷಗಳಲ್ಲಿ ಎರಡು ಕೆಲಸ ನಡೆಯುತ್ತಿರುತ್ತವೆ. ಚಿಕ್ಕಂದಿನಲ್ಲಿ ನರಕೋಶಗಳ ನಡುವೆ ಬೇಕಾದ್ದಕ್ಕಿಂತ ಜಾಸ್ತಿ ಜೋಡಣೆಗಳು ಹುಟ್ಟಿರುತ್ತವೆ. ಬಳಕೆಯಲ್ಲಿ ಇರುವುದು ಉಳಿಯುತ್ತದೆ, ಇಲ್ಲದ್ದನ್ನು ಮೆದುಳು ಕತ್ತರಿಸಿ ಹಾಕುತ್ತದೆ. ಉಳಿದ ಎಳೆಗಳ ಮೇಲೆ ಮಯಲಿನ್ ಎಂಬ ಕೊಬ್ಬಿನ ಹೊದಿಕೆ ಕೂರುತ್ತದೆ. ಆಗ ಸಂದೇಶ ವೇಗವಾಗಿ ಹರಿಯುತ್ತದೆ. ಈ ಕೆಲಸ ಮೆದುಳಿನ ಹಿಂಭಾಗದಿಂದ ಶುರುವಾಗಿ ಮುಂದಕ್ಕೆ ಬರುತ್ತದೆ. ಕೊನೆಯಲ್ಲಿ ಮುಗಿಯುವುದು ಹಣೆಯ ಹಿಂದೆ ಇರುವ ಪ್ರಿಫ್ರಂಟಲ್ ಕಾರ್ಟೆಕ್ಸ್. ‘ಸ್ವಲ್ಪ ತಡಿ, ಆಮೇಲೆ ಏನಾಗುತ್ತೆ ಯೋಚನೆ ಮಾಡು’ ಅನ್ನುವ ಭಾಗ ಅದು. ಖುಷಿ, ರೋಮಾಂಚನ, ಹೊಸದರ ಆಸೆ ಹುಟ್ಟಿಸುವ ಒಳಭಾಗಗಳು ಮಾತ್ರ ಹದಿಮೂರು ಹದಿನಾಲ್ಕಕ್ಕೇ ಪೂರ್ತಿ ಜೋರಿನಲ್ಲಿ ಕೆಲಸ ಮಾಡುತ್ತಿರುತ್ತವೆ.

ಇದು ದೋಷ ಅಲ್ಲ. ಹೊಸ ಭಾಷೆ, ಸೈಕಲ್ಲು, ಸಂಗೀತ, ಕ್ರಿಕೆಟ್ಟಿನ ಕವರ್ ಡ್ರೈವ್ ಎಲ್ಲ ಆ ವಯಸ್ಸಿನಲ್ಲಿ ಬೇಗ ಹಿಡಿಯುವುದು ಇದರಿಂದಲೇ. ಹಸಿ ಗೋಡೆಯಲ್ಲಿ ಹರಳು ನೆಟ್ಟ ಹಾಗೆ, ಆಗ ಕಲಿತದ್ದು ಗಟ್ಟಿಯಾಗಿ ಕೂರುತ್ತದೆ. ತೊಂದರೆ ಏನೆಂದರೆ ಚಟವೂ ಒಂದು ಕಲಿಕೆಯೇ. ನಿಕೋಟಿನ್, ಮದ್ಯ, ಗಾಂಜಾ ಎಲ್ಲವೂ ಬೇರೆ ಬೇರೆ ದಾರಿಯಲ್ಲಿ ಹೋಗಿ ಕೊನೆಗೆ ಡೋಪಮೈನ್ ಎಂಬ ರಾಸಾಯನಿಕವನ್ನು ಹೆಚ್ಚಿಸುತ್ತವೆ. ಡೋಪಮೈನ್ ಮೆದುಳಿಗೆ ಹೇಳುವುದು ಇಷ್ಟೇ: ಇದು ಮುಖ್ಯ, ನೆನಪಿಟ್ಟುಕೋ, ಇನ್ನೊಮ್ಮೆ ಮಾಡು. ಪರೀಕ್ಷೆಯ ಒತ್ತಡಕ್ಕೆ ಒಂದು ಸಿಗರೇಟು, ಬೇಜಾರಿಗೆ ಒಂದು ಬಿಯರ್ ಎಂದು ಹದಿನೈದಕ್ಕೆ ಕಲಿತ ಮೆದುಳು ಒತ್ತಡ ಬಂದಾಗೆಲ್ಲ ಅದನ್ನೇ ಕೇಳುತ್ತದೆ. ಬೇರೆ ದಾರಿ ಕಲಿಯುವ ಕಾಲದಲ್ಲಿ ಅದು ಈ ದಾರಿ ಕಲಿತಿರುತ್ತದೆ. ನಿಕೋಟಿನ್‌ನಲ್ಲಂತೂ ಕೆಲವು ಮಕ್ಕಳಿಗೆ ದಿನಾ ಸೇದುವ ಅಭ್ಯಾಸ ಆಗುವ ಮೊದಲೇ, ವಾರಗಳೊಳಗೇ ಚಟದ ಲಕ್ಷಣ ಕಾಣಿಸುತ್ತದೆ.

ಇದರ ಜೊತೆಗೆ ಗೆಳೆಯರು. 2005ರಲ್ಲಿ ಅಮೆರಿಕದ ಟೆಂಪಲ್ ವಿಶ್ವವಿದ್ಯಾಲಯದ ಗಾರ್ಡ್ನರ್ ಮತ್ತು ಸ್ಟೈನ್‌ಬರ್ಗ್ ಒಂದು ಕಾರಿನ ವಿಡಿಯೊ ಗೇಮ್ ಆಡಿಸಿದರು. ಹಳದಿ ದೀಪ ಬಂದ ಮೇಲೂ ಎಷ್ಟು ದೂರ ಓಡಿಸುತ್ತಾರೆ ಎಂದು ನೋಡುವ ಆಟ. ಒಬ್ಬರೇ ಆಡಿದಾಗ ಹದಿಹರೆಯದವರೂ ದೊಡ್ಡವರೂ ಹೆಚ್ಚುಕಡಿಮೆ ಒಂದೇ ತರಹ ಆಡಿದರು. ಪಕ್ಕದಲ್ಲಿ ಇಬ್ಬರು ಗೆಳೆಯರು ಕೂತಾಗ ಹದಿಹರೆಯದವರು ತೆಗೆದುಕೊಂಡ ಅಪಾಯ ಸುಮಾರು ಎರಡು ಪಟ್ಟಾಯಿತು. ದೊಡ್ಡವರಲ್ಲಿ ಬದಲಾವಣೆಯೇ ಇಲ್ಲ. ‘ನಮ್ಮ ಹುಡುಗ ತಿಳಿದೋನು, ಹಾಗೆಲ್ಲ ಮಾಡಲ್ಲ’ ಅನ್ನುವ ಅಪ್ಪ ಅಮ್ಮ ಇದನ್ನು ಗಮನಿಸಬೇಕು. ನಿಮ್ಮ ಮುಂದೆ ಕೂತಾಗ ಅವನು ತಿಳಿದೋನೇ. ಟೆರೇಸ್ ಮೇಲೆ ನಾಲ್ಕು ಜನ ಸೇರಿದಾಗ ಅದೇ ತಿಳಿವಳಿಕೆ ಕೆಲಸಕ್ಕೆ ಬರುವುದಿಲ್ಲ.

ಒಂದು ಕ್ವಾರ್ಟರಿನ ಗಣಿತ

ಕುಡಿತ ಚಟ ಆಗುವುದಕ್ಕೆ ಸಾಮಾನ್ಯವಾಗಿ ವರ್ಷಗಳು ಬೇಕು. ಒಂದೇ ರಾತ್ರಿಯಲ್ಲಿ ಆಗುವ ಅನಾಹುತಕ್ಕೆ ಚಟ ಇರಬೇಕಾಗಿಲ್ಲ. ಹುಟ್ಟುಹಬ್ಬ, ಗಣೇಶನ ವಿಸರ್ಜನೆ, ಡಿಸೆಂಬರ್ 31, ಕಾಲೇಜಿನ ಟ್ರಿಪ್ಪು. ಮೊದಲ ಸಲ ಕುಡಿಯುವ ಹುಡುಗನಿಗೆ ಒಂದು ವಿಷಯ ಗೊತ್ತಿರುವುದಿಲ್ಲ: ಎಷ್ಟು ಅಂದರೆ ಎಷ್ಟು. ಸುಮ್ನೆ ಲೆಕ್ಕ ಹಾಕಿ ನೋಡೋಣ.

ನಮ್ಮಲ್ಲಿ ಸಿಗುವ ವಿಸ್ಕಿ, ಬ್ರಾಂಡಿ, ರಮ್ಮಿನಲ್ಲಿ ಸಾಮಾನ್ಯವಾಗಿ 42.8% ಆಲ್ಕೋಹಾಲ್ ಇರುತ್ತದೆ. 180 ಮಿ.ಲೀ. ಕ್ವಾರ್ಟರಿನಲ್ಲಿ ಅಪ್ಪಟ ಆಲ್ಕೋಹಾಲ್ 77 ಮಿ.ಲೀ., ತೂಕದಲ್ಲಿ ಸುಮಾರು 61 ಗ್ರಾಂ. 50 ಕೆ.ಜಿ. ತೂಕದ ಹುಡುಗ ಇದನ್ನು ಗಡಿಬಿಡಿಯಲ್ಲಿ ಒಂದು ಗಂಟೆಯೊಳಗೆ ಖಾಲಿ ಮಾಡಿದ ಅಂದುಕೊಳ್ಳಿ. 100 ಮಿ.ಲೀ. ರಕ್ತದಲ್ಲಿ 150ರಿಂದ 180 ಮಿಲಿಗ್ರಾಂ ಆಲ್ಕೋಹಾಲ್ ಸೇರುತ್ತದೆ. ಗಾಡಿ ಓಡಿಸಲು ನಮ್ಮ ಕಾನೂನು ಹಾಕಿರುವ ಮಿತಿ 30 ಮಿಲಿಗ್ರಾಂ. ಅಂದರೆ ಐದಾರು ಪಟ್ಟು. ಅದೇ ತೂಕದ ಹುಡುಗಿಯಲ್ಲಿ ಇನ್ನೂ ಜಾಸ್ತಿ, ಯಾಕೆಂದರೆ ಹೆಣ್ಣಿನ ದೇಹದಲ್ಲಿ ನೀರಿನ ಪಾಲು ಕಡಿಮೆ. ಲಿವರ್ ಗಂಟೆಗೆ 7ರಿಂದ 10 ಗ್ರಾಂ ಅಷ್ಟೇ ಕರಗಿಸುತ್ತದೆ. ರಾತ್ರಿ ಹನ್ನೊಂದಕ್ಕೆ ಕುಡಿದವನ ರಕ್ತ ಬೆಳಿಗ್ಗೆ ಆರಕ್ಕೂ ಶುದ್ಧವಾಗಿರುವುದಿಲ್ಲ. ನಿಂಬೆಹಣ್ಣು, ಮಜ್ಜಿಗೆ, ಕಾಫಿ, ತಣ್ಣೀರು ಯಾವುದೂ ಇದನ್ನು ಬೇಗ ಮಾಡುವುದಿಲ್ಲ.

‘ಬಿಯರ್ ತಾನೇ’ ಅನ್ನುವವರಿಗೂ ಒಂದು ಲೆಕ್ಕ ಇದೆ. 650 ಮಿ.ಲೀ. ಸ್ಟ್ರಾಂಗ್ ಬಿಯರಿನಲ್ಲಿ 8% ಆಲ್ಕೋಹಾಲ್ ಇದ್ದರೆ ಅದು 41 ಗ್ರಾಂ. 30 ಮಿ.ಲೀ. ಪೆಗ್ಗಿನಲ್ಲಿ ಇರುವುದು 10 ಗ್ರಾಂ. ಒಂದು ಬಾಟಲಿ ಸ್ಟ್ರಾಂಗ್ ಬಿಯರ್ ಅಂದರೆ ನಾಲ್ಕು ಪೆಗ್.

ಎಳೆಯ ಇಲಿಗಳ ಮೇಲೆ ನಡೆದ ಪ್ರಯೋಗಗಳಲ್ಲಿ ಇನ್ನೊಂದು ವಿಚಿತ್ರ ಗೊತ್ತಾಗಿದೆ. ದೊಡ್ಡ ಇಲಿಗೆ ಮದ್ಯ ಕೊಟ್ಟರೆ ಬೇಗ ತೂಕಡಿಕೆ ಬರುತ್ತದೆ, ಎಳೆಯದಕ್ಕೆ ಬರುವುದಿಲ್ಲ. ಅದೇ ಎಳೆಯ ಇಲಿಯ ನೆನಪು ಮಾತ್ರ ದೊಡ್ಡದರದ್ದಕ್ಕಿಂತ ಹೆಚ್ಚು ಕೆಡುತ್ತದೆ. ಮನುಷ್ಯರಲ್ಲೂ ಹೀಗೇ ಇರುವಂತಿದೆ. ದೊಡ್ಡವರಿಗೆ ನಿದ್ದೆ ಬಂದು ಗ್ಲಾಸು ಕೆಳಗಿಡುವ ಹೊತ್ತಿನಲ್ಲಿ ಹುಡುಗರು ಇನ್ನೂ ಎದ್ದು ಕುಣಿಯುತ್ತಿರುತ್ತಾರೆ. ‘ನಂಗೆ ಏನೂ ಆಗಲ್ಲ, ಎಷ್ಟು ಬೇಕಾದ್ರೂ ಕುಡೀತೀನಿ’ ಎಂದು ಅವರು ಜಂಬ ಕೊಚ್ಚುತ್ತಾರೆ. ನಿಲ್ಲಿಸು ಅನ್ನುವ ಗಂಟೆ ಅವರಿಗೆ ತಡವಾಗಿ ಹೊಡೆಯುತ್ತದೆ ಅಷ್ಟೇ. ಬೆಳಿಗ್ಗೆ ‘ರಾತ್ರಿ ಏನಾಯ್ತು ನೆನಪೇ ಇಲ್ಲ’ ಅನ್ನುವುದು ನಗುವ ವಿಷಯ ಅಲ್ಲ. ಹಿಪೊಕ್ಯಾಂಪಸ್ ಎಂಬ ಭಾಗ ಆ ಹೊತ್ತಿನಲ್ಲಿ ನೆನಪು ಬರೆದುಕೊಳ್ಳುವುದನ್ನೇ ನಿಲ್ಲಿಸಿತ್ತು ಎಂದು ಅದರ ಅರ್ಥ. ಬೈಕಿನ ಅಪಘಾತ, ಕೆರೆ ಜಲಪಾತಗಳಲ್ಲಿ ಮುಳುಗುವುದು, ಹೊಡೆದಾಟ, ಒಪ್ಪಿಗೆ ಇಲ್ಲದ ಲೈಂಗಿಕ ಕ್ರಿಯೆ ಆಗುವುದು ಈ ಹೊತ್ತಿನಲ್ಲೇ.

ಗೆಳೆಯರ ಗುಂಪಿನಲ್ಲಿ ಒಬ್ಬ ಪ್ರಜ್ಞೆ ತಪ್ಪಿ ಮಲಗಿದರೆ ಸಾಮಾನ್ಯವಾಗಿ ಏನು ಮಾಡುತ್ತಾರೆ? ಮೂಲೆಯಲ್ಲಿ ಅಂಗಾತ ಮಲಗಿಸಿ ‘ಬೆಳಿಗ್ಗೆ ಸರಿಹೋಗ್ತಾನೆ’ ಅನ್ನುತ್ತಾರೆ. ಇದು ಜೀವಕ್ಕೇ ಅಪಾಯ. ಹೊಟ್ಟೆಯಲ್ಲಿ ಉಳಿದ ಮದ್ಯ ಮಲಗಿದ ಮೇಲೂ ರಕ್ತಕ್ಕೆ ಸೇರುತ್ತಲೇ ಇರುತ್ತದೆ. ವಾಂತಿ ಗಂಟಲಿಗೆ ಬಂದಾಗ ಕೆಮ್ಮಿ ಹೊರಹಾಕುವ ಶಕ್ತಿ ಇರುವುದಿಲ್ಲ, ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ಅವನನ್ನು ಒಂದು ಮಗ್ಗುಲಿಗೆ ಮಲಗಿಸಬೇಕು. ಪಕ್ಕದಲ್ಲಿ ಒಬ್ಬರು ಇರಲೇಬೇಕು. ಅಲುಗಾಡಿಸಿ ಕರೆದರೂ ಏಳದಿದ್ದರೆ, ಮೈ ತಣ್ಣಗಾಗಿದ್ದರೆ, ತುಟಿ ನೀಲಿಯಾದರೆ, ಫಿಟ್ಸ್ ಬಂದರೆ, ಉಸಿರು ನಿಮಿಷಕ್ಕೆ ಎಂಟಕ್ಕಿಂತ ಕಡಿಮೆಯಾದರೆ ತಕ್ಷಣ 108. ಮನೆಯಲ್ಲಿ ಬೈಸಿಕೊಳ್ಳುವ ಹೆದರಿಕೆಯಿಂದ ಯಾರೂ ಫೋನ್ ಮಾಡದೆ ಹೋದ ರಾತ್ರಿಗಳೇ ಸಾವಿನಲ್ಲಿ ಮುಗಿಯುವುದು. ಹಾಗಾಗಿ ನಾನು ಅಪ್ಪ ಅಮ್ಮಂದಿರಿಗೆ ಹೇಳುವ ಮೊದಲ ಮಾತು ‘ಕುಡಿಯಬೇಡ ಅನ್ನಿ’ ಎಂದಲ್ಲ. ಅದು ಹೇಗೂ ಹೇಳುತ್ತೀರಿ. ‘ಎಷ್ಟು ಹೊತ್ತಾದ್ರೂ, ಏನೇ ಆಗಿದ್ರೂ ಫೋನ್ ಮಾಡು, ಬಂದು ಕರ್ಕೊಂಡು ಹೋಗ್ತೀನಿ, ಆವತ್ತು ರಾತ್ರಿ ಒಂದು ಮಾತೂ ಬೈಯಲ್ಲ’ ಎಂದು ಮುಂಚೆಯೇ ಹೇಳಿಡಿ.

‘ಸೊಪ್ಪು ತಾನೇ’

ಗಾಂಜಾ ಬಗ್ಗೆ ಹುಡುಗರ ವಾದ ಸಿದ್ಧವಾಗಿರುತ್ತದೆ: ಅದು ಗಿಡ, ಸಾಧುಗಳು ಸೇದುತ್ತಾರೆ, ಕೆನಡಾದಲ್ಲಿ ಕಾನೂನೇ ಬಿಟ್ಟಿದೆ. ಕೆನಡಾದಲ್ಲಿ 2018ರಲ್ಲಿ ಬಿಟ್ಟದ್ದು ನಿಜ. ಅಲ್ಲೂ ಮಕ್ಕಳಿಗೆ ಬಿಟ್ಟಿಲ್ಲ ಅನ್ನುವುದನ್ನು ಮಾತ್ರ ಈ ವಾದ ಮರೆಯುತ್ತದೆ.

ಗಾಂಜಾದ ಅಮಲಿಗೆ ಕಾರಣ ಟಿಎಚ್‌ಸಿ ಎಂಬ ವಸ್ತು. ನಮ್ಮ ಮೆದುಳೇ ಅದನ್ನು ಹೋಲುವ ವಸ್ತುಗಳನ್ನು ತಯಾರಿಸಿಕೊಳ್ಳುತ್ತದೆ. ಹದಿಹರೆಯದ ಜೋಡಣೆ, ಕತ್ತರಿಸುವ ಕೆಲಸದಲ್ಲಿ ಅವುಗಳ ಕೈ ಇದೆ. ಹೊರಗಿನಿಂದ ಟಿಎಚ್‌ಸಿ ಸುರಿದರೆ ಆ ಕೆಲಸದ ಮಧ್ಯೆ ತಲೆಹಾಕಿದಂತೆ. 1987ರಲ್ಲಿ ಸ್ವೀಡನ್ನಿನಿಂದ ಬಂದ ಅಧ್ಯಯನ ಈ ವಿಷಯದಲ್ಲಿ ಹೆಸರಾದದ್ದು. ಸೇನೆಗೆ ಸೇರಲು ಬಂದ 45 ಸಾವಿರಕ್ಕೂ ಹೆಚ್ಚು ಹುಡುಗರನ್ನು 15 ವರ್ಷ ಹಿಂಬಾಲಿಸಿದರು. ಸೇನೆಗೆ ಬರುವ ಹೊತ್ತಿಗೇ 50ಕ್ಕಿಂತ ಹೆಚ್ಚು ಸಲ ಗಾಂಜಾ ಬಳಸಿದ್ದವರಲ್ಲಿ ಸ್ಕಿಜೋಫ್ರೇನಿಯಾ ಎಂಬ ಮಾನಸಿಕ ಕಾಯಿಲೆ ಬರುವ ಸಾಧ್ಯತೆ ಸೇದದವರಿಗಿಂತ ಆರು ಪಟ್ಟು ಇತ್ತು. ಆಮೇಲೆ ಬೇರೆ ದೇಶಗಳಲ್ಲಿ ನಡೆದ ಅಧ್ಯಯನಗಳಲ್ಲಿ ಪಟ್ಟು ಹೆಚ್ಚುಕಡಿಮೆ ಆಗಿದೆ, ದಿಕ್ಕು ಬದಲಾಗಿಲ್ಲ. ಸೇದುವ ಹೆಚ್ಚಿನವರಿಗೆ ಈ ಕಾಯಿಲೆ ಬರುವುದಿಲ್ಲ. ಆದರೆ ದೊಡ್ಡಪ್ಪನಿಗೋ ಅತ್ತೆಗೋ ಇಂಥ ಮಾನಸಿಕ ಕಾಯಿಲೆ ಇದ್ದ ಮನೆಯ ಮಗು ಗಾಂಜಾದಿಂದ ದೂರ ಇರಲೇಬೇಕು. ನಮ್ಮಲ್ಲಿ ಇದನ್ನು ಮಕ್ಕಳಿಗೆ ಹೇಳುವುದೇ ಇಲ್ಲ. ಮದುವೆ ಸಂಬಂಧ ತಪ್ಪೀತು ಅಂತ ಮುಚ್ಚಿಡುತ್ತೇವೆ.

ಬುದ್ಧಿಮಟ್ಟದ ವಿಷಯ ಅಷ್ಟು ಗಟ್ಟಿ ಇಲ್ಲ. ನ್ಯೂಜಿಲೆಂಡಿನ ಡನೀಡಿನ್ ಊರಿನಲ್ಲಿ 1972–73ರಲ್ಲಿ ಹುಟ್ಟಿದ 1,037 ಜನರನ್ನು ಹುಟ್ಟಿನಿಂದ ಗಮನಿಸುತ್ತಾ ಬಂದಿದ್ದಾರೆ. ಹದಿಹರೆಯದಲ್ಲೇ ಗಾಂಜಾ ಚಟ ಶುರುವಾಗಿ ಮುಂದುವರಿದವರ ಐಕ್ಯೂ 38ನೇ ವಯಸ್ಸಿಗೆ ಸರಾಸರಿ 8 ಅಂಕ ಇಳಿದಿತ್ತು ಎಂದು 2012ರಲ್ಲಿ ವರದಿ ಬಂತು. 2016ರಲ್ಲಿ ಅವಳಿಗಳನ್ನು ಹೋಲಿಸಿ ನೋಡಿದಾಗ ಸೇದಿದವನಿಗೂ ಸೇದದವನಿಗೂ ಅಂಥ ವ್ಯತ್ಯಾಸ ಸಿಗಲಿಲ್ಲ. ‘ಗಾಂಜಾ ಸೇದಿದ್ರೆ ದಡ್ಡ ಆಗ್ತೀಯ’ ಎಂದು ಹೆದರಿಸುವವರು ಈ ಎರಡನೇ ಅರ್ಧವನ್ನೂ ಓದಬೇಕು. ಬಳಸುತ್ತಿರುವ ದಿನಗಳಲ್ಲಿ ಗಮನ, ನೆನಪು ಕುಂದುವುದಂತೂ ಖಚಿತ. ಪಿಯುಸಿಯ ಎರಡು ವರ್ಷಕ್ಕೆ ಅಷ್ಟು ಪೆಟ್ಟು ಸಾಕು.

ಅಜ್ಜನ ಕಾಲದ ಸೊಪ್ಪೂ ಈಗಿನದೂ ಒಂದೇ ಅಲ್ಲ. ಅಮೆರಿಕದಲ್ಲಿ ವಶಪಡಿಸಿಕೊಂಡ ಗಾಂಜಾದಲ್ಲಿ ಟಿಎಚ್‌ಸಿ 1995ರಲ್ಲಿ ಸರಾಸರಿ 4% ಇದ್ದದ್ದು 2014ಕ್ಕೆ 12% ಆಯಿತು. ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ಈಚೆಗೆ ಪದೇ ಪದೇ ಸಿಕ್ಕಿಬೀಳುತ್ತಿರುವ ‘ಹೈಡ್ರೋ’ ಗಾಂಜಾ ಮಣ್ಣಿಲ್ಲದೆ, ಕೋಣೆಯೊಳಗೆ, ಕೃತಕ ದೀಪದಲ್ಲಿ ಬೆಳೆದದ್ದು. ಅದರ ತೀವ್ರತೆ ಹಳೆಯದಕ್ಕಿಂತ ಬಹಳ ಜಾಸ್ತಿ.

ಅಂಗಡಿಯಲ್ಲೇ ಸಿಗುವ ಅಮಲು

ಡ್ರಗ್ಸ್ ಅಂದಕೂಡಲೇ ನಮ್ಮ ಕಣ್ಣ ಮುಂದೆ ಬರುವುದು ರೇವ್ ಪಾರ್ಟಿ, ಬಿಳಿ ಪುಡಿ, ಟಿವಿ ಸುದ್ದಿ. ಆದರೆ ಚಿಕ್ಕ ಮಕ್ಕಳ ಕೈಗೆ ಮೊದಲು ಸಿಗುವುದು ಪಂಕ್ಚರ್ ಅಂಗಡಿಯ ಸಲ್ಯೂಷನ್, ವೈಟ್ನರ್, ಥಿನ್ನರ್, ಪೆಟ್ರೋಲು. ಕೇಂದ್ರ ಸರ್ಕಾರಕ್ಕಾಗಿ ದೆಹಲಿಯ ಏಮ್ಸ್ ನಡೆಸಿದ ಸಮೀಕ್ಷೆ 2019ರಲ್ಲಿ ಹೊರಬಂತು. ಸುಮಾರು 2 ಲಕ್ಷ ಮನೆಗಳ 4.7 ಲಕ್ಷ ಜನರನ್ನು ಮಾತಾಡಿಸಿದ್ದರು. ಉಳಿದ ಎಲ್ಲ ಅಮಲು ವಸ್ತುಗಳನ್ನೂ ದೊಡ್ಡವರೇ ಹೆಚ್ಚು ಬಳಸುತ್ತಿದ್ದರೆ, ಮೂಸಿ ಎಳೆಯುವ ಇವುಗಳಲ್ಲಿ ಮಾತ್ರ ಮಕ್ಕಳು ಮುಂದೆ ಇದ್ದರು. 10ರಿಂದ 17 ವರ್ಷದವರಲ್ಲಿ 1.17%, ದೊಡ್ಡವರಲ್ಲಿ 0.58%. ಸುಮಾರು 4.6 ಲಕ್ಷ ಮಕ್ಕಳಿಗೆ ಇದರಿಂದ ಹೊರಬರಲು ನೆರವು ಬೇಕಿತ್ತು.

ಇದರಲ್ಲಿ ಟಾಲ್ಯೂಯಿನ್‌ನಂಥ ದ್ರಾವಕ ಇರುತ್ತದೆ. ಮೆದುಳಿನ ಮಯಲಿನ್ ಹೊದಿಕೆಯನ್ನು ಅದು ಕೆಡಿಸುತ್ತದೆ. ಇನ್ನೂ ಒಂದು ಅಪಾಯ ಇದೆ, ಬಹಳ ಜನರಿಗೆ ಗೊತ್ತಿಲ್ಲ. ದ್ರಾವಕದ ಆವಿ ಎಳೆದಾಗ ಹೃದಯ ಅಡ್ರಿನಲಿನ್‌ಗೆ ಅತಿ ಸೂಕ್ಷ್ಮವಾಗುತ್ತದೆ. ಆಗ ಹೆದರಿಕೆ ಆದರೆ, ಓಡಿದರೆ ಬಡಿತ ಅಡ್ಡಾದಿಡ್ಡಿಯಾಗಿ ನಿಂತೇ ಹೋಗಬಹುದು. ಮೊದಲ ಸಲ ಮೂಸಿದ ಮಗುವಿಗೂ ಹೀಗೆ ಆಗಬಹುದು. ಹಾಗಾಗಿ ಮೂಸುತ್ತಿರುವ ಮಗು ಕಣ್ಣಿಗೆ ಬಿದ್ದರೆ ಕೂಗಾಡಿ ಅಟ್ಟಿಸಿಕೊಂಡು ಹೋಗಬಾರದು. ಮೆಲ್ಲಗೆ ಮಾತಾಡಿಸಿ, ಗಾಳಿ ಇರುವ ಕಡೆ ಕೂರಿಸಬೇಕು.

ಇನ್ನು ಮಾತ್ರೆ. ಟಪೆಂಟಡಾಲ್ ಎಂಬ ಬಲವಾದ ನೋವಿನ ಮಾತ್ರೆಯನ್ನು, ನಿದ್ದೆಯ ಮಾತ್ರೆಗಳನ್ನು ಚೀಟಿ ಇಲ್ಲದೆ ಕೊಡುವ ಅಂಗಡಿಗಳು ಇವೆ. ಮೆಡಿಕಲ್ ಸ್ಟೋರಿನದು, ಸ್ಟ್ರಿಪ್ಪಿನಲ್ಲಿ ಬಂದದ್ದು ಎಂಬ ಕಾರಣಕ್ಕೆ ಹುಡುಗರಿಗೆ ಅದು ಸುರಕ್ಷಿತ ಅನಿಸುತ್ತದೆ. ಇವನ್ನು ಮದ್ಯದ ಜೊತೆ ತೆಗೆದುಕೊಂಡರೆ ಎರಡೂ ಸೇರಿ ಉಸಿರಾಟವನ್ನು ನಿಧಾನ ಮಾಡಿ ನಿಲ್ಲಿಸಿಬಿಡಬಹುದು. ಮಾತ್ರೆ ಪುಡಿ ಮಾಡಿ ಚುಚ್ಚಿಕೊಳ್ಳುವವರು ಸಿರಿಂಜ್ ಹಂಚಿಕೊಂಡರೆ ಎಚ್‌ಐವಿ, ಹೆಪಟೈಟಿಸ್ ಸಿ ಬರುವ ದಾರಿ ತೆರೆಯುತ್ತದೆ. ಪಾರ್ಟಿಗಳಲ್ಲಿ ಎಂಡಿಎಂಎ ಎಂಬ ಅಮಲು ವಸ್ತು ಎಂದು ಕೊಡುವ ಗುಳಿಗೆಯಲ್ಲಿ ಏನಿದೆ ಎಂಬುದು ಕೊಟ್ಟವನಿಗೂ ಗೊತ್ತಿರುವುದಿಲ್ಲ.

ಹೆದರಿಸುವುದು, ಮನೆಯಲ್ಲೇ ಕೊಡುವುದು

1983ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ‘ಡೇರ್’ ಎಂಬ ಕಾರ್ಯಕ್ರಮ ಶುರುವಾಯಿತು. ಪೊಲೀಸರು ಶಾಲೆಗೆ ಬಂದು ಡ್ರಗ್ಸ್ ಬಗ್ಗೆ ಪಾಠ ಮಾಡುತ್ತಿದ್ದರು. ಅಮೆರಿಕದ ತುಂಬ ಹರಡಿತು. ಸಂಶೋಧಕರು ಮತ್ತೆ ಮತ್ತೆ ಅಳೆದು ನೋಡಿದರು: ಪಾಠ ಕೇಳಿದ ಮಕ್ಕಳೂ ಕೇಳದ ಮಕ್ಕಳೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಡ್ರಗ್ಸ್ ಬಳಸಿದರು. ಕೊನೆಗೆ ಪಾಠವನ್ನೇ ಬದಲಾಯಿಸಬೇಕಾಯಿತು. ನಮ್ಮ ಕಾಲೇಜುಗಳಲ್ಲಿ ಜೂನ್ 26ರ ಮಾದಕ ವಸ್ತು ವಿರೋಧಿ ದಿನ ಭಾಷಣ ಮಾಡಿಸಿ, ಪ್ರತಿಜ್ಞೆ ಓದಿಸಿ, ಫೋಟೊ ತೆಗೆಸಿಕೊಳ್ಳುವುದನ್ನು ನೋಡಿದಾಗೆಲ್ಲ ನನಗೆ ಇದು ನೆನಪಾಗುತ್ತದೆ.

ಇದಕ್ಕೆ ಉಲ್ಟಾ ದಾರಿ ಹಿಡಿಯುವವರೂ ಇದ್ದಾರೆ. ‘ಹೊರಗೆ ಕದ್ದು ಕುಡಿಯೋದಕ್ಕಿಂತ ನಮ್ಮ ಕಣ್ಣೆದುರೇ ಕುಡಿಯಲಿ’ ಎಂದು ಹದಿನಾರರ ಮಗನಿಗೆ ಬಿಯರ್ ಸುರಿದುಕೊಡುವ ಅಪ್ಪ. ನೆಗಡಿಗೆ ಒಂದು ಚಮಚ ಬ್ರಾಂಡಿ, ಜಾತ್ರೆಯಲ್ಲಿ ಒಂದು ಗುಟುಕು ಎಂಬ ಹಳೆಯ ಪದ್ಧತಿಯ ಹೊಸ ರೂಪ ಇದು. ಆಸ್ಟ್ರೇಲಿಯಾದಲ್ಲಿ 1,927 ಮಕ್ಕಳನ್ನು ಅವರ 12ನೇ ವಯಸ್ಸಿನಿಂದ ಆರು ವರ್ಷ ಗಮನಿಸಿದ ಅಧ್ಯಯನ 2018ರಲ್ಲಿ ಪ್ರಕಟವಾಯಿತು. ಅಪ್ಪ ಅಮ್ಮನೇ ಮದ್ಯ ಕೊಟ್ಟ ಮಕ್ಕಳಿಗೆ ಅದರಿಂದ ಯಾವ ರಕ್ಷಣೆಯೂ ಸಿಗಲಿಲ್ಲ. ಅವರು ಹೊರಗಿನಿಂದ ಮದ್ಯ ಪಡೆಯುವುದು ಇನ್ನೂ ಜಾಸ್ತಿಯಾಯಿತು.

ಹಾಗಾದರೆ ಏನು ಕೆಲಸ ಮಾಡುತ್ತದೆ? ಐಸ್‌ಲ್ಯಾಂಡ್ ಅನ್ನು ನೋಡಬೇಕು. 1998ರಲ್ಲಿ ಅಲ್ಲಿನ 15–16 ವರ್ಷದವರಲ್ಲಿ 42% ಹಿಂದಿನ ಒಂದು ತಿಂಗಳಲ್ಲಿ ಅಮಲೇರುವಷ್ಟು ಕುಡಿದಿದ್ದರು. 2016ಕ್ಕೆ ಅದು 5%. ದಿನಾ ಸಿಗರೇಟು ಸೇದುವವರು 23%ರಿಂದ 3%ಕ್ಕೆ ಇಳಿದರು. ಅವರು ಭಾಷಣ ಕಡಿಮೆ ಮಾಡಿದರು, ಸಂಜೆಯನ್ನು ಬದಲಾಯಿಸಿದರು. ಆಟ, ಸಂಗೀತ, ನೃತ್ಯದ ತರಗತಿಗಳಿಗೆ ಸರ್ಕಾರ ದುಡ್ಡು ಹಾಕಿತು. ರೇಕ್ಯವಿಕ್ ನಗರ ಪ್ರತಿ ಮಗುವಿನ ಹೆಸರಿನಲ್ಲಿ ಅದಕ್ಕಾಗಿಯೇ ಹಣ ಕೊಟ್ಟಿತು. 13ರಿಂದ 16 ವರ್ಷದವರು ಚಳಿಗಾಲದಲ್ಲಿ ರಾತ್ರಿ ಹತ್ತರ ನಂತರ ಹೊರಗೆ ಇರುವಂತಿಲ್ಲ ಎಂಬ ಕಾನೂನು ಬಂತು. ಅಪ್ಪ ಅಮ್ಮಂದಿರು ಒಬ್ಬರಿಗೊಬ್ಬರು ಮಾತು ಕೊಟ್ಟುಕೊಂಡರು: ಯಾರ ಮನೆಯಲ್ಲೂ ಮಕ್ಕಳಿಗೆ ಮದ್ಯ ಇಲ್ಲ. ರೋಮಾಂಚನ ಬೇಡುವ ಮೆದುಳಿಗೆ ರೋಮಾಂಚನವನ್ನೇ ಬೇರೆ ಕಡೆಯಿಂದ ಕೊಟ್ಟರು ಅನ್ನಬಹುದು. ಅದು ಪುಟ್ಟ ದೇಶ, ದುಡ್ಡಿರುವ ದೇಶ, ನಿಜ. ಆದರೂ ಬೆಳಿಗ್ಗೆ ಐದಕ್ಕೆ ಕೋಚಿಂಗ್, ಸಂಜೆ ಎಂಟಕ್ಕೆ ಟ್ಯೂಷನ್, ಮಧ್ಯೆ ಮೈದಾನವೇ ಇಲ್ಲದ ಕಾಲೇಜು ಎಂಬ ನಮ್ಮ ವ್ಯವಸ್ಥೆಗೆ ಇದರಲ್ಲಿ ಪ್ರಶ್ನೆ ಇದೆ, ಅಲ್ವಾ?

ಗೊತ್ತಾದ ಮೇಲೆ

ಕೋಣೆ ಬಾಗಿಲು ಹಾಕಿಕೊಳ್ಳುವುದು, ಸಿಡಿಮಿಡಿ, ಹೊಸ ಗೆಳೆಯರು, ಅಂಕ ಇಳಿಯುವುದು ಇವನ್ನೆಲ್ಲ ಡ್ರಗ್ಸ್ ಲಕ್ಷಣ ಎಂದು ಹೇಳುತ್ತಾರೆ. ಇವೆಲ್ಲ ಹದಿಹರೆಯದ ಲಕ್ಷಣವೂ ಹೌದು, ಖಿನ್ನತೆಯ ಲಕ್ಷಣವೂ ಹೌದು. ಬ್ಯಾಗ್ ತಡಕುವುದು, ಮೂತ್ರ ಪರೀಕ್ಷೆಯ ಕಿಟ್ ತರಿಸುವುದು ನನಗೆ ಸರಿ ಕಾಣುವುದಿಲ್ಲ. ಫಲಿತಾಂಶ ತಪ್ಪಾಗಬಹುದು, ನಂಬಿಕೆಯಂತೂ ಹೋಗಿಯೇ ಹೋಗುತ್ತದೆ.

ಸುಮ್ನೆ ಒಮ್ಮೆ ರುಚಿ ನೋಡಿದ್ದೋ, ತೊಂದರೆ ಶುರುವಾಗಿದೆಯೋ ಎಂದು ತಿಳಿಯಲು ವೈದ್ಯರು ಕೇಳುವ ಆರು ಪ್ರಶ್ನೆಗಳು ಇವೆ. ಬಾಸ್ಟನ್ ಮಕ್ಕಳ ಆಸ್ಪತ್ರೆಯಲ್ಲಿ ರೂಪುಗೊಂಡವು. ಕುಡಿದವರು, ಅಮಲಿನಲ್ಲಿ ಇದ್ದವರು ಓಡಿಸುವ ಗಾಡಿ ಹತ್ತಿದ್ದೀಯಾ, ಅಥವಾ ಹಾಗೆ ನೀನೇ ಓಡಿಸಿದ್ದೀಯಾ? ಮನಸ್ಸು ಹಗುರಾಗಲಿ, ಗುಂಪಿಗೆ ಹೊಂದಿಕೊಳ್ಳೋಣ ಅಂತ ತಗೊಳ್ತೀಯಾ? ಒಬ್ಬನೇ ಇದ್ದಾಗ ತಗೊಳ್ತೀಯಾ? ಆಗ ಮಾಡಿದ್ದು ಮರೆತುಹೋಗಿದೆಯಾ? ಕಡಿಮೆ ಮಾಡು ಅಂತ ಮನೆಯವರೋ ಗೆಳೆಯರೋ ಹೇಳಿದ್ದಾರಾ? ಇದರಿಂದ ಫಜೀತಿಗೆ ಸಿಕ್ಕಿದ್ದೀಯಾ? ಎರಡಕ್ಕೆ ಹೌದು ಎಂದರೆ ವೈದ್ಯರು ಇನ್ನಷ್ಟು ನೋಡಬೇಕು. ನನಗೆ ಇವುಗಳಲ್ಲಿ ಮೂರನೆಯದು ತುಂಬ ಮುಖ್ಯ ಅನಿಸುತ್ತದೆ. ಗೆಳೆಯರ ಜೊತೆ ಕುಡಿಯುವವನು ಗೆಳೆಯರಿಗಾಗಿ ಕುಡಿಯುತ್ತಾನೆ. ಒಬ್ಬನೇ ಕೂತು ಕುಡಿಯುವ ಹದಿನೇಳರ ಹುಡುಗ ಯಾವುದೋ ನೋವಿಗೆ ತಾನೇ ಔಷಧ ಮಾಡಿಕೊಳ್ಳುತ್ತಿರುತ್ತಾನೆ. ಆ ನೋವು ಏನು ಎಂದು ಕೇಳದೆ ಬಾಟಲಿ ಮಾತ್ರ ಕಿತ್ತುಕೊಂಡರೆ ಪ್ರಯೋಜನ ಇಲ್ಲ.

ಪೊಲೀಸ್ ಕೇಸಿನ ಹೆದರಿಕೆಯಿಂದ ಎಷ್ಟೋ ಮನೆಯವರು ಆಸ್ಪತ್ರೆಗೇ ಹೋಗುವುದಿಲ್ಲ. ಮದ್ಯ, ತಂಬಾಕಿನ ವಿಷಯದಲ್ಲಿ ಕಾನೂನಿನ ಕಣ್ಣು ಇರುವುದು ಕೊಟ್ಟವರ ಮೇಲೆ. 2015ರ ಬಾಲನ್ಯಾಯ ಕಾಯ್ದೆಯ 77ನೇ ಸೆಕ್ಷನ್ ಪ್ರಕಾರ ಮಕ್ಕಳಿಗೆ ಮದ್ಯ, ಡ್ರಗ್ಸ್, ತಂಬಾಕು ಕೊಟ್ಟವರಿಗೆ ಏಳು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ. ಕರ್ನಾಟಕದಲ್ಲಿ ತಂಬಾಕು ಮಾರಾಟದ ವಯಸ್ಸು ಈಗ 21. ಗಾಂಜಾದಂಥವನ್ನು ಸೇವಿಸುವುದು 1985ರ ಎನ್‌ಡಿಪಿಎಸ್ (ಮಾದಕ ವಸ್ತು ನಿಯಂತ್ರಣ) ಕಾಯ್ದೆಯಲ್ಲಿ ಅಪರಾಧವೇ. ಆದರೆ ಅದೇ ಕಾಯ್ದೆಯ 64ಎ ಸೆಕ್ಷನ್, ಚಟಕ್ಕೆ ಬಿದ್ದವರು ತಾವಾಗಿ ಮಾನ್ಯತೆ ಇರುವ ಕಡೆ ಚಿಕಿತ್ಸೆಗೆ ಹೋದರೆ ಸೇವನೆಗೆ, ಸಣ್ಣ ಪ್ರಮಾಣ ಇಟ್ಟುಕೊಂಡಿದ್ದಕ್ಕೆ ಕೇಸು ನಡೆಸಬಾರದು ಅನ್ನುತ್ತದೆ. ಚಿಕಿತ್ಸೆ ಪೂರ್ತಿ ಮಾಡಬೇಕು ಎಂಬ ಷರತ್ತು ಇದೆ. 18 ತುಂಬದವರ ವಿಚಾರಣೆ ಮಾಮೂಲಿ ಕೋರ್ಟಿನಲ್ಲಿ ಅಲ್ಲ, ಬಾಲನ್ಯಾಯ ಮಂಡಳಿಯಲ್ಲಿ.

ಕೂಡಿಹಾಕಿ, ಹೊಡೆದು ಚಟ ಬಿಡಿಸುತ್ತೇವೆ ಅನ್ನುವ ಕೇಂದ್ರಗಳಿಗೆ ಮಕ್ಕಳನ್ನು ಕಳಿಸಬೇಡಿ. 2017ರ ಮಾನಸಿಕ ಆರೋಗ್ಯ ಕಾಯ್ದೆಯಡಿ ನೋಂದಣಿ ಆಗಿದೆಯಾ, ಮನೋವೈದ್ಯರು ಇದ್ದಾರಾ ಎಂದು ಕೇಳಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ವ್ಯಸನ ಚಿಕಿತ್ಸಾ ಕೇಂದ್ರ ಇದೆ. ಜಿಲ್ಲಾ ಆಸ್ಪತ್ರೆಗಳಲ್ಲೂ ಮನೋವೈದ್ಯರು ಸಿಗುತ್ತಾರೆ. ಹದಿಹರೆಯದ ಹೆಚ್ಚಿನವರಿಗೆ ದಾಖಲಾಗುವ ಅಗತ್ಯವೂ ಇರುವುದಿಲ್ಲ, ಮಾತುಕತೆಯ ಚಿಕಿತ್ಸೆಯೇ ಸಾಕಾಗುತ್ತದೆ. ಮೊದಲು ಫೋನಿನಲ್ಲಿ ಮಾತಾಡಿ ನೋಡೋಣ ಅನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416 ಇದೆ. ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು. ವ್ಯಸನಮುಕ್ತಿಗೆಂದೇ ಇರುವ ರಾಷ್ಟ್ರೀಯ ಸಹಾಯವಾಣಿ 14446. ಅಪ್ಪ ಅಮ್ಮನಿಗೆ ಹೇಳಲಾಗದ ಮಕ್ಕಳು ತಾವೇ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಬಹುದು.